ಹುಂಜ ಮೊದಲಾ, ಮನೆ ಮೊದಲಾ?

ನಗರದ ಕೊನೆಯ ಬಸ್ ಸ್ಟಾಪ್ ದಾಟಿದ ಮೇಲೆ ಸಿಗುವ ಜಾಗ ಯಾವ ದೇಶದಲ್ಲಾದರೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ರಸ್ತೆಯ ಈಚೆ ಹೊಸ ಕಾಂಪೌಂಡು, ಆಚೆ ಉತ್ತ ಹೊಲ. ಫುಟ್‌ಪಾತ್ ನಾಲ್ಕು ಮನೆ ಮುಂದಕ್ಕೆ ಹೋಗುವಷ್ಟರಲ್ಲಿ ಮಾಯ. ಹಳ್ಳಿ ಅನ್ನೋಣ ಅಂದರೆ ಬೆಳಿಗ್ಗೆ ಎಂಟರ ನಂತರ ಅರ್ಧ ಊರು ಕೆಲಸಕ್ಕೆ ಖಾಲಿ. ನಗರ ಅನ್ನೋಣ ಅಂದರೆ ಬೀದಿದೀಪವೇ ಇಲ್ಲ.

ಇಂಥ ಕಡೆ ಜಗಳ ಶುರುವಾಗುವುದು ಸಾಮಾನ್ಯವಾಗಿ ಸದ್ದಿಗೆ, ಇಲ್ಲವೇ ವಾಸನೆಗೆ. ಗೊಬ್ಬರದ ವಾಸನೆ, ನಸುಕಿನ ಟ್ರ್ಯಾಕ್ಟರ್, ಹೊತ್ತು ಗೊತ್ತಿಲ್ಲದೆ ಕೂಗುವ ಹುಂಜ. ಹಸಿರು ಬೇಕು ಅಂತ ಬಂದವರಿಗೆ ಆ ಹಸಿರನ್ನು ಬೆಳೆಯುವ ಕೆಲಸವೇ ಸಹಿಸಲಾಗದು. ತಮಾಷೆ ಅನಿಸಬಹುದು. ಆದರೆ ಇದು ಮೇಲಿನ ಕೋರ್ಟುಗಳವರೆಗೂ ಹೋಗಿದೆ.

ಮೊದಲು ಆ ಹೊಲ, ಆ ಕೊಟ್ಟಿಗೆ ಅಲ್ಲಿ ಯಾಕಿದ್ದವು ಅಂತ ನೋಡೋಣ. ಜರ್ಮನಿಯ ಫಾನ್ ಟ್ಯೂನೆನ್ ಎಂಬ ಜಮೀನ್ದಾರ 1826ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟ. ನಡುವೆ ಪೇಟೆ, ಸುತ್ತ ಬಳೆಗಳ ಹಾಗೆ ಬೇಸಾಯ. ಹಾಲು, ತರಕಾರಿ ಬೇಗ ಕೆಡುತ್ತವೆ, ಹಾಗಾಗಿ ಅವು ಪೇಟೆಗೆ ಅಂಟಿಕೊಂಡೇ ಇರಬೇಕು. ಆಮೇಲೆ ಸೌದೆ, ಅದರಾಚೆ ಧಾನ್ಯ, ಎಲ್ಲಕ್ಕಿಂತ ಹೊರಗೆ ದನ ಮೇಯಿಸುವ ಬಯಲು. ಅಂದರೆ ನಗರದ ಪಕ್ಕದ ಕೊಟ್ಟಿಗೆ ಸುಮ್ನೆ ಅಲ್ಲಿ ಬಂದು ಕೂತದ್ದಲ್ಲ. ನಗರಕ್ಕೆ ಹಾಲು ಬೇಕಿತ್ತು, ಅದಕ್ಕೇ ಅದು ಅಲ್ಲಿತ್ತು.

ಈ ಬಳೆಗಳನ್ನು ಮುರಿದದ್ದು ರೈಲು. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ಸರಳ ಮಾತು ಹೇಳಿದ: ಜನ ದಿನಕ್ಕೆ ಓಡಾಟಕ್ಕೆಂದು ಕೊಡುವ ಸಮಯ ಎಲ್ಲ ಕಾಲದಲ್ಲೂ ಸುಮಾರು ಒಂದು ಗಂಟೆ. ಹೋಗಲು ಅರ್ಧ, ಬರಲು ಅರ್ಧ. ಗಂಟೆಗೆ 5 ಕಿ.ಮೀ. ನಡೆಯುವವನ ಊರು ನಡುವಿನಿಂದ ಎರಡೂವರೆ ಕಿ.ಮೀ. ದಾಟುವುದು ಕಷ್ಟ. ಅದೇ ಅರ್ಧ ಗಂಟೆಯಲ್ಲಿ ರೈಲು ಎಷ್ಟು ದೂರ ಹೋಗುತ್ತದೆ, ಕಾರು ಎಷ್ಟು ದೂರ ಹೋಗುತ್ತದೆ, ಊರಿನ ಅಂಚೂ ಅಷ್ಟು ದೂರಕ್ಕೆ ಸರಿಯುತ್ತದೆ.

ಲಂಡನ್ನಿನ ಮೆಟ್ರೋಪಾಲಿಟನ್ ರೈಲ್ವೆ ಇದನ್ನೇ ವ್ಯಾಪಾರ ಮಾಡಿಕೊಂಡಿತು. ತನ್ನ ಹಳಿ ಹಾದುಹೋದ ವಾಯವ್ಯದ ಹಳ್ಳಿಗಾಡಿಗೆ 1915ರಲ್ಲಿ 'ಮೆಟ್ರೋ-ಲ್ಯಾಂಡ್' ಅಂತ ಹೆಸರಿಟ್ಟು, ಹಸಿರು ತೋರಿಸಿ ಮನೆ ಮಾರಲು ಹೊರಟಿತು. ಜಾಹೀರಾತಿನಲ್ಲಿದ್ದದ್ದು ಹುಲ್ಲುಗಾವಲು. ಕೊಂಡವರು ಜಾಸ್ತಿಯಾದಂತೆ ಕರಗಿದ್ದೂ ಅದೇ ಹುಲ್ಲುಗಾವಲು. ಕೊನೆಗೆ ಲಂಡನ್ನಿನ ಸುತ್ತ ಕಟ್ಟಡ ಏಳದ ಹಸಿರು ಪಟ್ಟಿಯನ್ನು ಉಳಿಸಿಕೊಳ್ಳಲು 1938ರಲ್ಲಿ ಕಾನೂನೇ ಬೇಕಾಯಿತು.

ಒಳಚರಂಡಿ ಬರದ ಕಡೆ ಮನೆ ಕಟ್ಟಲು ಇನ್ನೊಂದು ವಸ್ತು ನೆರವಾಯಿತು: ಸೆಪ್ಟಿಕ್ ಟ್ಯಾಂಕ್. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಡೊನಾಲ್ಡ್ ಕ್ಯಾಮರಾನ್ 1895ರ ಹೊತ್ತಿಗೆ ಅದಕ್ಕೆ ಈ ಹೆಸರು ಕೊಟ್ಟ. ಟ್ಯಾಂಕಿನ ನೀರು ಇಂಗಲು ನೆಲ ಬೇಕು. ಹಾಗಾಗಿ ಇಂಥ ಕಡೆ ಸೈಟು ದೊಡ್ಡದು, ಮನೆಗಳು ದೂರ ದೂರ. ಹಳ್ಳಿಯ ಹಾಗೆ ಕಾಣುವ ಆ ವಿಶಾಲತೆಗೆ ಅರ್ಧ ಕಾರಣ ಪೈಪು ಇಲ್ಲದ್ದು!

ಈಗ ಜಗಳಕ್ಕೆ ಬರೋಣ. ಅಮೆರಿಕದ ಅರಿಜೋನಾದಲ್ಲಿ ಫೀನಿಕ್ಸ್ ನಗರದ ಪಶ್ಚಿಮಕ್ಕೆ ದನ ಕೊಬ್ಬಿಸುವ ದೊಡ್ಡಿಗಳಿದ್ದವು. ಡೆಲ್ ವೆಬ್ ಎಂಬ ಬಿಲ್ಡರ್ ಆ ಕಡೆ ಅಗ್ಗದ ಹೊಲ ಕೊಂಡು, 1960ರ ಜನವರಿ 1ರಂದು ಸನ್ ಸಿಟಿ ಎಂಬ ನಿವೃತ್ತರ ಊರನ್ನು ತೆರೆದ. ದೊಡ್ಡಿಯೂ ಬೆಳೆಯಿತು, ಊರೂ ಬೆಳೆಯಿತು. ಎರಡೂ ಒಂದಕ್ಕೊಂದು ಹತ್ತಿರವಾದವು. 1967ರ ಹೊತ್ತಿಗೆ ದೊಡ್ಡಿಯಲ್ಲಿ 20ರಿಂದ 30 ಸಾವಿರ ದನ. ದಿನಕ್ಕೆ ಬೀಳುವ ಹಸಿ ಸಗಣಿ 10 ಲಕ್ಷ ಪೌಂಡಿಗೂ ಹೆಚ್ಚು, ಅಂದರೆ ಸುಮಾರು 450 ಟನ್. ನೊಣ ಎಷ್ಟಿರಬಹುದು, ನೀವೇ ಊಹಿಸಿ.

ಬಿಲ್ಡರ್ ಕೋರ್ಟಿಗೆ ಹೋದ. ಅರಿಜೋನಾ ಸುಪ್ರೀಂ ಕೋರ್ಟು 1972ರಲ್ಲಿ ಕೊಟ್ಟ ತೀರ್ಪನ್ನು ಕಾನೂನು ಓದುವವರು ಈಗಲೂ ಓದುತ್ತಾರೆ. ಅಲ್ಲಿ ಬಂದು ನೆಲೆಸಿದವರ ಆರೋಗ್ಯದ ಸಲುವಾಗಿ ದೊಡ್ಡಿ ಜಾಗ ಖಾಲಿ ಮಾಡಬೇಕು. ಆದರೆ ಅದರ ಖರ್ಚು ಬಿಲ್ಡರ್‌ದು. ದೊಡ್ಡಿ ಇದ್ದ ಕಡೆಗೆ ಜನರನ್ನು ಕರೆತಂದವನು, ಅಗ್ಗದ ನೆಲದ ಲಾಭ ಉಂಡವನು ಅವನೇ ತಾನೇ? ನನಗೆ ಕೇಳಿದರೆ ಈ ವಿಷಯದಲ್ಲಿ ಇದಕ್ಕಿಂತ ನ್ಯಾಯವಾದ ತೀರ್ಪು ಕಂಡಿಲ್ಲ. ಮನೆ ಕೊಂಡವರ ಮೇಲೂ ಇಲ್ಲ, ದನ ಸಾಕಿದವರ ಮೇಲೂ ಇಲ್ಲ, ನಡುವೆ ದುಡ್ಡು ಮಾಡಿದವರ ಮೇಲೆ ಬಿತ್ತು ಭಾರ.

ಮುಂದಿನ ಕಾನೂನುಗಳು ಅಷ್ಟು ನಾಜೂಕಾಗಿರಲಿಲ್ಲ. 1970, 80ರ ದಶಕಗಳಲ್ಲಿ ಅಮೆರಿಕದ ರಾಜ್ಯಗಳು ಒಂದೊಂದಾಗಿ 'ಬೇಸಾಯದ ಹಕ್ಕು' ಕಾನೂನು ತಂದವು. ಈಗ 50 ರಾಜ್ಯಗಳಲ್ಲೂ ಅದಿದೆ. ತಿರುಳು ಇಷ್ಟೇ: ರೈತ ಮೊದಲಿದ್ದರೆ, ಆಮೇಲೆ ಬಂದವರು ಸುಲಭಕ್ಕೆ ದಾವೆ ಹೂಡುವ ಹಾಗಿಲ್ಲ. ಸಣ್ಣ ರೈತನಿಗೆ ಅಂತ ಮಾಡಿದ ಈ ಕೊಡೆಯ ಕೆಳಗೆ ಸಾವಿರಾರು ಹಂದಿ ಸಾಕುವ ದೊಡ್ಡ ಕಂಪನಿಗಳೂ ಬಂದು ನಿಂತವು ಅನ್ನುವುದು ಬೇರೆ ಕಥೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ರೈತ ಬರೀ ಸಂತ್ರಸ್ತ, ಹೊಸಬ ಬರೀ ದಾಳಿಕೋರ ಅಂತಿಲ್ಲ. ಆ ಸೈಟುಗಳನ್ನು ಮಾರಿದ್ದು ಎಷ್ಟೋ ಕಡೆ ಅದೇ ರೈತರು. ಪಕ್ಕದ ಹೊಲ ಸೈಟಾಯಿತು ಅಂದರೆ ನೆಲದ ಬೆಲೆ ಏರುತ್ತದೆ. ಇಂದಲ್ಲ ನಾಳೆ ಮಾರುವುದೇ ಅಂತ ಗೊತ್ತಿದ್ದವನು ಹೊಸ ಕೊಟ್ಟಿಗೆ ಕಟ್ಟುವುದಿಲ್ಲ, ಗಿಡ ಹಾಕುವುದಿಲ್ಲ, ಬೇಲಿ ರಿಪೇರಿ ಮಾಡುವುದಿಲ್ಲ. ಊರಂಚಿನ ಪಾಳು ಹೊಲಗಳನ್ನು ನೋಡಿ 'ಸೋಮಾರಿಗಳು' ಅಂತ ಬೈಯುವ ಮೊದಲು ಇದು ನೆನಪಿರಲಿ.

ಈ ಕಥೆಯ ಕೊನೆಯ ಪಾತ್ರ ಒಂದು ಹುಂಜ. ಹೆಸರು ಮೋರಿಸ್, ಊರು ಫ್ರಾನ್ಸಿನ ಒಲೆರಾನ್ ದ್ವೀಪ. ಅದು ನಗರದ ಅಂಚಲ್ಲ, ನಿಜ, ಆದರೆ ಜಗಳ ಥೇಟ್ ಇದೇ. ಪಕ್ಕದಲ್ಲಿ ರಜೆಗೆಂದು ಮನೆ ಮಾಡಿಕೊಂಡವರು ಅದರ ಬೆಳಗಿನ ಕೂಗಿನ ಮೇಲೆ ಕೇಸು ಹಾಕಿದರು. 2019ರ ಸೆಪ್ಟೆಂಬರ್‌ನಲ್ಲಿ ಕೋರ್ಟು ಹುಂಜದ ಪರ ನಿಂತಿತು. 2021ರ ಜನವರಿಯಲ್ಲಿ ಫ್ರಾನ್ಸ್ ಹಳ್ಳಿಗಾಡಿನ ಸದ್ದು, ವಾಸನೆಗಳನ್ನೂ ಕಾಪಾಡಬೇಕಾದ ಪರಂಪರೆ ಅಂತ ಕಾನೂನಿನಲ್ಲಿ ಬರೆಯಿತು. 2024ರಲ್ಲಿ ಇನ್ನೂ ಒಂದು ಹೆಜ್ಜೆ: ನೀವು ಬರುವ ಮೊದಲೇ ಅಲ್ಲಿ ಕಾನೂನುಬದ್ಧವಾಗಿ ನಡೆಯುತ್ತಿದ್ದ ಕೆಲಸ ಹಾಗೇ ಮುಂದುವರಿದಿದ್ದರೆ, ಅದರ ತೊಂದರೆಗೆ ಪರಿಹಾರ ಕೇಳುವಂತಿಲ್ಲ.

ಇದನ್ನೆಲ್ಲ ನೋಡಲು ಮೋರಿಸ್ ಇರಲಿಲ್ಲ. 2020ರಲ್ಲೇ ಕೋಳಿಗಳಿಗೆ ಬರುವ ನೆಗಡಿಯಂಥ ಕಾಯಿಲೆಯಿಂದ ಸತ್ತುಹೋಗಿತ್ತು.