ಮರಳಿಗೂ ಕಲ್ಲಿಗೂ ಒಂದೇ ಗಾಡಿ ಸಾಕಾ? ಆಫ್-ರೋಡ್ ಬೈಕ್ ಕೊಳ್ಳುವ ಮುಂಚೆ ಓದಿಕೊಳ್ಳಿ

ಆಫ್-ರೋಡ್ ಬೈಕ್ ಓಡಿಸಲು ಕಲಿಯುತ್ತಿರುವ ನಮ್ಮ ಬೆಂಗಳೂರಿನ ಬ್ಯಾಚಿನಲ್ಲಿ ಅರ್ಧ ಜನ ಇನ್ನೂ ಗಾಡಿ ತಗೊಂಡಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನಾ ಅದೇ ಪ್ರಶ್ನೆ. ಯಾವ ಗಾಡಿ, ಎಷ್ಟು ಸಿಸಿ? ಭಾನುವಾರ ಮಕಳಿದುರ್ಗದ ಕಡೆ ಟ್ರೇಲ್ (ಕಲ್ಲುದಾರಿಯ ಸವಾರಿ) ಮಾಡಬೇಕು, ಡಿಸೆಂಬರ್‌ನಲ್ಲಿ ಥಾರ್ ಮರುಭೂಮಿಗೂ ಹೋಗಬೇಕು, ಎರಡಕ್ಕೂ ಒಂದೇ ಆಗುತ್ತಾ? ನಾನೂ ಇದೇ ಸುತ್ತು ಹೊಡೆದವನು. ಹಳೇ ಗಾಡಿಯೊಂದನ್ನು ಕೊಂಡು ಕೈ ಸುಟ್ಟುಕೊಂಡು, ಆಮೇಲೆ ಕೂತು ಕಲಿತೆ. ಆಗ ಬರೆದಿಟ್ಟುಕೊಂಡಿದ್ದು ಇಲ್ಲಿದೆ.

ಎರಡು ನೆಲ, ಎರಡು ಸ್ವಭಾವ

ತಲಕಾಡಿನಲ್ಲಿ ಒಂದು ಗುಡಿಯಿಂದ ಇನ್ನೊಂದಕ್ಕೆ ನಡೆದಿದ್ದೀರಾ? ಹೆಜ್ಜೆ ಇಟ್ಟಲ್ಲಿ ಕಾಲು ಹೂತುಕೊಳ್ಳುತ್ತದೆ, ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಚಕ್ರದ ಪಾಡೂ ಅದೇ. ನಿಧಾನ ಮಾಡಿದಷ್ಟೂ ಮುಂದಿನ ಚಕ್ರ ಮರಳನ್ನು ಉಳುತ್ತಾ ಹೋಗುತ್ತದೆ. ಸ್ವಲ್ಪ ವೇಗ ಸಿಕ್ಕಿದರೆ ಮೇಲೆ ತೇಲುತ್ತದೆ. ಹಾಗಾಗಿ ಮರಳಿನಲ್ಲಿ ಮೈಭಾರ ಹಿಂದಕ್ಕೆ ಹಾಕಿ, ಥ್ರಾಟಲ್ (ಆಕ್ಸಿಲರೇಟರ್) ಬಿಡದೆ ಹಿಡಿದಿರಬೇಕು. ಎಂಜಿನ್ನಿಗೂ ಅಷ್ಟು ದಮ್ಮು ಬೇಕು. (ತಲಕಾಡಿನಲ್ಲಿ ಗಾಡಿ ಇಳಿಸುವ ಯೋಚನೆ ಬೇಡ. ನಡೆದು ನೋಡಿದರೆ ಸಾಕು.)

ನಮ್ಮ ಸುತ್ತಮುತ್ತಲಿನ ದಾರಿಗಳದ್ದು ಬೇರೆ ಕಥೆ. ದೊಡ್ಡಬಳ್ಳಾಪುರ, ರಾಮನಗರ, ಕೋಲಾರದ ಕಡೆ ಏನಿದ್ದರೂ ಬಂಡೆ, ಉರುಟು ಕಲ್ಲು, ಜಲ್ಲಿ, ಮಳೆಗೆ ಕೊರೆದ ಕೊರಕಲು. ಇಲ್ಲಿ ಮನುಷ್ಯ ನಡೆಯುವ ವೇಗಕ್ಕಿಂತ ಜಾಸ್ತಿ ಹೋಗುವುದೇ ಅಪರೂಪ. ಒಂದನೇ ಗೇರು, ಹಾಫ್ ಕ್ಲಚ್, ಕಡಿಮೆ ಆರ್‌ಪಿಎಂನಲ್ಲೇ ಎಳೆಯುವ ಎಂಜಿನ್ನು, ಹಗುರವಾದ ಗಾಡಿ. ಇವು ಇದ್ದರೆ ಸಾಕು.

ಈಗ ಲೆಕ್ಕ ಹಾಕಿ. ಬೆಂಗಳೂರಿನಿಂದ ಜೈಸಲ್ಮೇರಿಗೆ ಸುಮಾರು 2,000 ಕಿ.ಮೀ. ಮಕಳಿದುರ್ಗಕ್ಕೆ ಸುಮಾರು 60. ವರ್ಷಕ್ಕೆ ಒಂದು ಸಲ, ಒಂದು ವಾರ ಮರಳು. ಉಳಿದ ಎಲ್ಲ ಭಾನುವಾರ ಕಲ್ಲು. ಆದರೂ ಶೋರೂಮಿಗೆ ಹೋದಾಗ ನಮ್ಮ ತಲೆಯಲ್ಲಿ ಓಡುವುದು ಮರಳ ದಿಬ್ಬದ ಮೇಲೆ ಹಾರುವ ಗಾಡಿಯ ಫೋಟೋ, ಅಲ್ವಾ? ನನ್ನ ಅಭಿಪ್ರಾಯ ಇಷ್ಟೇ: ಗಾಡಿಯನ್ನು ಕಲ್ಲಿಗೆ ಕೊಳ್ಳಿ. ಮರಳಿಗೆ ಹೋಗುವಾಗ ಗಾಡಿ ಬದಲಿಸುವುದು ಬೇಡ, ಟೈರೂ ಗಾಳಿಯೂ ಬದಲಿಸಿದರೆ ಸಾಕು.

‘ಮರಳಿಗೆ ದೊಡ್ಡ ಸಿಸಿ ಬೇಕೇ ಬೇಕು’ ಎನ್ನುವವರಿಗೆ ಒಂದು ಮಾತು. ಮರುಭೂಮಿ ದಾಟುವ ಹೆಸರಾಂತ ರೇಸ್, 2020ರಿಂದ ಸೌದಿ ಅರೇಬಿಯಾದಲ್ಲಿ ನಡೆಯುತ್ತಿರುವ ಡಾಕರ್ ರ‍್ಯಾಲಿಯಲ್ಲಿ ಬೈಕುಗಳಿಗೆ 450 ಸಿಸಿಯೇ ಮಿತಿ, ಆ ಮಿತಿ ಬಂದಿದ್ದು 2011ರಲ್ಲಿ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ಮುಗಿಸಿದ ಮೊದಲ ಭಾರತೀಯ ಆಗಿದ್ದೂ 450 ಸಿಸಿ ಗಾಡಿಯಲ್ಲೇ. ದಿಬ್ಬ ಹತ್ತಲು 800, 1000 ಸಿಸಿ ಬೇಕು ಅನ್ನುವುದು ಸುಮ್ನೆ ಮಾತು.

ತೂಕ

ಆಫ್-ರೋಡ್‌ನಲ್ಲಿ ಬೀಳುವುದು ಅಪಘಾತ ಅಲ್ಲ, ದಿನಚರಿ. ಬಿದ್ದ ಗಾಡಿ ಎತ್ತುವುದೂ ಪಾಠದ ಭಾಗವೇ. ನಮ್ಮ ಕೋಚ್ ಮೊದಲ ದಿನ ಬೇರೆ ಏನೂ ಮಾಡಿಸಲಿಲ್ಲ. ಗಾಡಿ ಮಲಗಿಸಿದರು, ‘ಎತ್ತಿ’ ಅಂದರು. ಎತ್ತಿದೆವು. ಮತ್ತೆ ಮಲಗಿಸಿದರು.

ಎತ್ತುವ ಕ್ರಮ ಹೀಗೆ. ಎಂಜಿನ್ ಆಫ್ ಮಾಡಿ, ಗೇರಿನಲ್ಲಿಡಿ, ಇಲ್ಲದಿದ್ದರೆ ಉರುಳುತ್ತದೆ. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ತೆಗೆದಿಡಿ, ಎತ್ತಿದ ಮೇಲೆ ಇನ್ನೊಂದು ಕಡೆಗೆ ಬೀಳುವುದಿಲ್ಲ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಗ್ರ್ಯಾಬ್ ರೈಲ್ ಹಿಡಿದು, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಹಿಂದಕ್ಕೆ ತಳ್ಳಿ. ಕೆಲಸ ಮಾಡಬೇಕಾದ್ದು ತೊಡೆ, ಸೊಂಟ ಅಲ್ಲ. ಮೊದಲ ಸಲ ಯಾರಾದರೂ ಎತ್ತುತ್ತಾರೆ. ಬಿಸಿಲಲ್ಲಿ, ಇಳಿಜಾರಲ್ಲಿ, ಆರನೇ ಸಲ ಎತ್ತುವಾಗ ಸ್ಪೆಕ್ ಶೀಟಿನಲ್ಲಿದ್ದ ಒಂದೊಂದು ಕಿಲೋನೂ ನೆನಪಿಗೆ ಬರುತ್ತದೆ.

ಹತ್ತಿರದ ಅಂಕಿಗಳು ಇವು. ಕವಾಸಾಕಿ ಕೆಎಲ್‌ಎಕ್ಸ್ 230 ಸುಮಾರು 139 ಕಿಲೋ. ಹೀರೋ ಎಕ್ಸ್‌ಪಲ್ಸ್ 200 4ವಿ ಸುಮಾರು 160, ಹೊಸ ಎಕ್ಸ್‌ಪಲ್ಸ್ 210 ಸುಮಾರು 170. ಕೆಟಿಎಂ 390 ಎಂಡ್ಯೂರೋ ಆರ್ 177ರ ಆಸುಪಾಸು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಸುಮಾರು 196. ಹಿಮಾಲಯನ್ ಕೆಟ್ಟ ಗಾಡಿ ಅಂತ ಹೇಳುತ್ತಿಲ್ಲ. 452 ಸಿಸಿ, 40 ಪಿಎಸ್ ಶಕ್ತಿ, ಬೆಂಗಳೂರಿನಿಂದ ಹೈವೇ ಮೇಲೇ ರಾಜಸ್ಥಾನಕ್ಕೆ ಹೋಗುವವರಿಗೆ ಅದರಷ್ಟು ಆರಾಮ ಈ ಪಟ್ಟಿಯಲ್ಲಿ ಇನ್ನೊಂದಿಲ್ಲ. ಆದರೆ ಕಲಿಯುವ ವರ್ಷ, ಒಬ್ಬರೇ ಇದ್ದಾಗ, ಕೊರಕಲಿನಲ್ಲಿ ಮಲಗಿದ 196 ಕಿಲೋ ಬೇರೆ ವಿಷಯ.

ಚಕ್ರ, ಸೀಟು, ಸಸ್ಪೆನ್ಷನ್

ಮುಂದೆ 21 ಇಂಚು ಯಾಕೆ? ಟೈರಿನ ಮೇಲೆ 90/90-21 ಅಂತ ಇರುತ್ತದಲ್ಲ, ಅದನ್ನು ಬಿಡಿಸಿ ನೋಡಿ. ಟೈರಿನ ಅಗಲ 90 ಮಿ.ಮೀ., ಅದರ 90% ಅಂದರೆ 81 ಮಿ.ಮೀ. ಟೈರಿನ ಗೋಡೆ. ಮೇಲೊಂದು ಕೆಳಗೊಂದು, ಒಟ್ಟು 162. ರಿಮ್ 21 ಇಂಚು ಅಂದರೆ 533. ಕೂಡಿಸಿದರೆ 695 ಮಿ.ಮೀ. ಅದೇ ಲೆಕ್ಕದಲ್ಲಿ 110/70-17 ಟೈರಿನ ಚಕ್ರ ಸುಮಾರು 586 ಮಿ.ಮೀ. ಹತ್ತು ಸೆಂ.ಮೀ. ಎತ್ತರದ ಕಲ್ಲು ಸಿಕ್ಕಿದಾಗ ದೊಡ್ಡ ಚಕ್ರ ಅದರ ಮೇಲೆ ಉರುಳುತ್ತದೆ, ಚಿಕ್ಕದು ಗುದ್ದುತ್ತದೆ. ಹಿಂದೆ 18 ಇಂಚು ಇದ್ದರೆ ನಿಜವಾದ ಆಫ್-ರೋಡ್ ಟೈರುಗಳ ಆಯ್ಕೆ ಜಾಸ್ತಿ. ಅಲಾಯ್ ವೀಲ್ ಬೇಡ. ಸ್ಪೋಕ್ ರಿಮ್ ಬೆಂಡಾದರೆ ತೆಗೆಸಬಹುದು, ಅಲಾಯ್ ಬಿರುಕು ಬಿಟ್ಟರೆ ಮುಗಿಯಿತು.

ಸೀಟಿನ ಎತ್ತರಕ್ಕೆ ಹೆದರಿಕೊಂಡು ಒಳ್ಳೇ ಗಾಡಿ ಬಿಡಬೇಡಿ. ಎಕ್ಸ್‌ಪಲ್ಸ್ 200 4ವಿ 825 ಮಿ.ಮೀ., ಅದರ ಪ್ರೊ ಮಾದರಿ 891. ಕೆಎಲ್‌ಎಕ್ಸ್ 880. ನಾನು ಐದೂವರೆ ಅಡಿ. ಎರಡೂ ಕಾಲು ನೆಲಕ್ಕೆ ಊರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಒಂದು ಕಾಲಿಟ್ಟು, ಸೀಟಿನ ಮೇಲೆ ಅರ್ಧ ಜಾರಿ ನಿಲ್ಲುವುದನ್ನು ಕಲಿತರೆ ಸಾಕು. ಸುಮ್ನೆ ಸಸ್ಪೆನ್ಷನ್ ಇಳಿಸಿ ಗಾಡಿ ಗಿಡ್ಡ ಮಾಡಿಸಬೇಡಿ, ನೀವು ದುಡ್ಡು ಕೊಟ್ಟಿದ್ದೇ ಆ ಎತ್ತರಕ್ಕೆ.

ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಬಗ್ಗೆ ಒಂದೇ ಸಾಲು: ಹಿಂದಿನ ಚಕ್ರದ ಎಬಿಎಸ್ ಆಫ್ ಮಾಡುವ ಸೌಲಭ್ಯ ಇದೆಯಾ ಅಂತ ಕೇಳಿಯೇ ಕೊಳ್ಳಿ. ಸಡಿಲ ಮಣ್ಣಿನಲ್ಲಿ ಲಾಕ್ ಆದ ಚಕ್ರ ತನ್ನ ಮುಂದೆ ಮಣ್ಣು ಗುಡ್ಡೆ ಹಾಕಿಕೊಂಡು ನಿಲ್ಲುತ್ತದೆ. ಎಬಿಎಸ್ ಅದಕ್ಕೆ ಬಿಡುವುದಿಲ್ಲ.

ಗಾಳಿ

ಮರಳಿಗೆ ಬೇರೆ ಗಾಡಿ ಬೇಡ ಅಂದೆನಲ್ಲ, ಅದಕ್ಕೆ ಕಾರಣ ಇಲ್ಲಿದೆ. ಊರೊಳಗೆ ಟೈರಿಗೆ 25ರಿಂದ 30 ಪಿಎಸ್‌ಐ ಗಾಳಿ ಇರುತ್ತದೆ. ಕಲ್ಲು ದಾರಿಗೆ 18ರಿಂದ 20ಕ್ಕೆ ಇಳಿಸುತ್ತೇವೆ. ಮೆತ್ತನೆ ಮರಳಿಗೆ 12ರಿಂದ 15. ಗಾಳಿ ಕಡಿಮೆಯಾದಾಗ ಟೈರು ಚಪ್ಪಟೆಯಾಗಿ ನೆಲಕ್ಕೆ ತಾಗುವ ಭಾಗ ಉದ್ದವಾಗುತ್ತದೆ. ಭಾರ ಹರಡುತ್ತದೆ, ಹೂತುಕೊಳ್ಳುವುದು ಕಡಿಮೆಯಾಗುತ್ತದೆ. ಗೌರಿಬಿದನೂರಿನ ಹತ್ತಿರ ಉತ್ತರ ಪಿನಾಕಿನಿಯ ಒಣ ಪಾತ್ರದಲ್ಲಿ ಇದನ್ನು ಮಾಡಿ ನೋಡಿದೆ. 28 ಇದ್ದಾಗ ಇಪ್ಪತ್ತು ಅಡಿ ಹೋಗುವಷ್ಟರಲ್ಲಿ ಹಿಂದಿನ ಚಕ್ರ ಆಕ್ಸಲ್‌ವರೆಗೆ ಹೂತಿತು. 14ಕ್ಕೆ ಇಳಿಸಿದ ಮೇಲೆ ಅದೇ ಜಾಗದಲ್ಲಿ ಅದೇ ಗಾಡಿ, ಅಡ್ಡಾದಿಡ್ಡಿ ಆದರೂ ದಾಟಿತು.

ಇದರಲ್ಲಿ ಒಂದು ಮೋಸ ಇದೆ. ಟ್ಯೂಬ್ ಇರುವ ಟೈರಿಗೆ ಗಾಳಿ ತೀರಾ ಇಳಿಸಿದರೆ, ಜೋರಾಗಿ ಥ್ರಾಟಲ್ ಕೊಟ್ಟಾಗ ಟೈರು ರಿಮ್ ಮೇಲೆ ಜಾರುತ್ತದೆ. ಒಳಗಿನ ಟ್ಯೂಬನ್ನೂ ಎಳೆದುಕೊಂಡು ಹೋಗಿ ವಾಲ್ವ್ ಕಿತ್ತುಹಾಕುತ್ತದೆ. ಅದಕ್ಕೇ ಟೈರನ್ನು ರಿಮ್ಮಿಗೆ ಒತ್ತಿ ಹಿಡಿಯುವ ರಿಮ್ ಲಾಕ್ ಹಾಕಿಸಬೇಕು. ಇನ್ನೊಂದು ಸಣ್ಣ ವಿದ್ಯೆ: ವಾಲ್ವಿನ ಬುಡದ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ, ಮೇಲಕ್ಕೆ ಕ್ಯಾಪಿನ ಹತ್ತಿರ ತಂದಿಡಿ. ಟೈರು ಜಾರಿದ್ದರೆ ವಾಲ್ವ್ ಓರೆಯಾಗಿ ನಿಂತು ಮೊದಲೇ ಹೇಳುತ್ತದೆ. ಬ್ಯಾಗಿನಲ್ಲಿ ಗೇಜು, ಪಂಪು, ಒಂದು 21 ಇಂಚಿನ ಟ್ಯೂಬು ಇರಲಿ. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ 21 ಇಂಚಿನ ಟ್ಯೂಬ್ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಟಾರು ರಸ್ತೆ ಸಿಕ್ಕ ತಕ್ಷಣ ಗಾಳಿ ತುಂಬಿ, 14ರಲ್ಲಿ ಹೈವೇಗೆ ಹತ್ತಿದರೆ ಟೈರು ಕಾದು ಹೋಗುತ್ತದೆ.

ಸೆಕೆಂಡ್ ಹ್ಯಾಂಡ್: ನನ್ನ ಪೆಟ್ಟು

ಮೊದಲ ಗಾಡಿ ಹಳೆಯದೇ ಇರಲಿ ಅನ್ನುವುದು ಒಳ್ಳೇ ಯೋಚನೆ. ಹೊಸದನ್ನು ಕಲ್ಲಿಗೆ ಬೀಳಿಸಲು ಮನಸ್ಸು ಬರುವುದಿಲ್ಲ. ಆದರೆ ನೋಡಲು ಗೊತ್ತಿರಬೇಕು. ನಾನು ಕೊಂಡ ಗಾಡಿ ಫಳಫಳ ಹೊಳೆಯುತ್ತಿತ್ತು. ‘ಸಿಂಗಲ್ ಓನರ್, ಬರೀ ಆಫೀಸಿಗೆ ಓಡಿಸಿದ್ದು ಸರ್’ ಅಂದರು, ನಂಬಿದೆ. ವಾರಕ್ಕೆ ಮುಂದಿನ ಬ್ರೇಕು ಹಿಡಿಯುತ್ತಿಲ್ಲ. ನೋಡಿದರೆ ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಆಯಿಲ್ ಸೀಲು ಒಡೆದು, ಎಣ್ಣೆ ಇಳಿದು ಡಿಸ್ಕ್ ಮೇಲೆ ಬಂದಿದೆ. ಮಾರುವ ದಿನ ಬೆಳಿಗ್ಗೆ ಚೆನ್ನಾಗಿ ಒರೆಸಿ ಇಟ್ಟಿದ್ದರು, ಅಷ್ಟೇ. ಮೆಕ್ಯಾನಿಕ್ ಅಣ್ಣ ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಅಲ್ಲಾಡಿಸಿ, ‘ಏನಪ್ಪಾ, ನೋಡ್ಕೊಂಡು ತಗೋಬಾರ್ದಾ? ಕೋನ್ ಸೆಟ್ಟೂ ಹೋಗಿದೆ’ ಅಂದರು. ಕೋನ್ ಸೆಟ್ ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು.

ಅವತ್ತು ಅವರು ತೋರಿಸಿದ್ದನ್ನು ಈಗ ಎಲ್ಲ ಗಾಡಿಗೂ ಮಾಡುತ್ತೇನೆ. ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಹತ್ತು ಸಲ ಒತ್ತಿ, ಆಮೇಲೆ ಹೊಳೆಯುವ ಕೊಳವೆಯ ಮೇಲೆ ಬೆರಳು ಎಳೆಯಿರಿ. ಎಣ್ಣೆಯ ಉಂಗುರ ಕಂಡರೆ ಸೀಲು ಹೋಗಿದೆ. ಚಕ್ರ ನೆಲ ಬಿಟ್ಟಿರುವಾಗ ಹ್ಯಾಂಡಲನ್ನು ನಿಧಾನಕ್ಕೆ ಆ ಕಡೆಯಿಂದ ಈ ಕಡೆಗೆ ತಿರುಗಿಸಿ. ನಡುವೆ ‘ಟಕ್’ ಅಂತ ಹಳ್ಳಕ್ಕೆ ಕೂತ ಹಾಗಾದರೆ ಕೋನ್ ಸೆಟ್ ಸವೆದಿದೆ. ಸ್ಪೋಕ್ಸ್ ಒಂದೊಂದನ್ನೂ ಸ್ಪ್ಯಾನರ್‌ನಿಂದ ತಟ್ಟಿ. ಬಿಗಿಯಾದದ್ದು ಟಿಣ್ ಅನ್ನುತ್ತದೆ, ಸಡಿಲವಾದದ್ದು ಸತ್ತ ಸದ್ದು. ಸ್ಪ್ರಾಕೆಟ್ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಸೆಟ್ ಖರ್ಚು ಬೆಲೆಯಲ್ಲಿ ಕಳೆಯಿರಿ.

ಎಲ್ಲಕ್ಕಿಂತ ಮುಖ್ಯ ಏರ್ ಫಿಲ್ಟರ್. ಅದನ್ನು ಬಿಚ್ಚಿಸಿ. ಫಿಲ್ಟರ್ ಕೊಳೆಯಾಗಿರುವುದು ತಪ್ಪಲ್ಲ, ಅದರ ಕೆಲಸವೇ ಅದು. ನೋಡಬೇಕಾದ್ದು ಅದರ ಹಿಂದಿನ ಕೊಳವೆ, ಎಂಜಿನ್ನಿಗೆ ಗಾಳಿ ಹೋಗುವ ದಾರಿ. ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಒಳಗೆ ಒರೆಸಿ. ಕೆಂಪು ದೂಳು ಬಂದರೆ ಆ ಎಂಜಿನ್ ಮಣ್ಣು ತಿಂದಿದೆ. ಪಿಸ್ಟನ್ ರಿಂಗು, ಬೋರು ಸವೆದಿರುತ್ತದೆ. ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಮಾರುವವರು ಬಿಚ್ಚಲು ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ. ಗಾಡಿ ನೋಡಲು ಹೋಗುವಾಗ ‘ಎಂಜಿನ್ ಬಿಸಿ ಮಾಡಬೇಡಿ’ ಅಂತ ಮೊದಲೇ ಫೋನಿನಲ್ಲಿ ಹೇಳಿ. ತಣ್ಣಗಿದ್ದಾಗ ಸ್ಟಾರ್ಟ್ ಆಗುವ ರೀತಿ ಬಹಳ ಹೇಳುತ್ತದೆ.

ದುಡ್ಡು, ಕಾಗದ

ಶೋರೂಮ್ ಬೆಲೆ ನೋಡಿ ಲೆಕ್ಕ ಹಾಕಬೇಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 18%, ಅದಕ್ಕಿಂತ ದೊಡ್ಡದಕ್ಕೆ 40%. ಅದರ ಮೇಲೆ ಕರ್ನಾಟಕದಲ್ಲಿ 1 ಲಕ್ಷ ದಾಟಿದ ಬೈಕಿಗೆ ಲೈಫ್ ಟ್ಯಾಕ್ಸೇ 18%. ಚಿಕ್ಕ ಎಂಜಿನ್ ಸಾಕು ಅನ್ನುವುದಕ್ಕೆ ಇದೂ ಒಂದು ಕಾರಣ. ಹಳೇ ಗಾಡಿಯಾದರೆ ಎಂಜಿನ್ ಮತ್ತು ಚಾಸಿ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿ. ಗಾಡಿ ನಿಮ್ಮ ಹೆಸರಿಗೆ ವರ್ಗವಾಗಲು ಫಾರ್ಮ್ 29, 30ಕ್ಕೆ ಸಹಿ ಮಾಡಿಸಿಕೊಳ್ಳಿ. ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲ ತೀರಿದ್ದನ್ನು ತೋರಿಸುವ ಫಾರ್ಮ್ 35 ಕೇಳಿ. ಬಾಕಿ ದಂಡ ಇದೆಯಾ ಅಂತ ಗಾಡಿ ನಂಬರ್ ಹಾಕಿ ನೋಡಿ. ನಮ್ಮೂರಿನ ಗಾಡಿಗಳಿಗೆ ದಂಡದ ಇತಿಹಾಸ ಸಣ್ಣದಿರುವುದಿಲ್ಲ.

ಕವಾಸಾಕಿ ಕೆಎಕ್ಸ್‌ನಂಥ ಅಪ್ಪಟ ಡರ್ಟ್ ಬೈಕುಗಳಿಗೆ ನಂಬರ್ ಪ್ಲೇಟೇ ಸಿಗುವುದಿಲ್ಲ. ರಸ್ತೆ ಮೇಲೆ ಓಡಿಸುವಂತಿಲ್ಲ, ಟಾಟಾ ಏಸ್‌ನಲ್ಲಿ ಹೇರಿಕೊಂಡು ಟ್ರ್ಯಾಕಿಗೆ ಹೋಗಬೇಕು. ಕಲಿಯುವವರಿಗೆ ಬೇಡ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಯಾವ ಗಾಡಿಯನ್ನೂ ನುಗ್ಗಿಸುವಂತಿಲ್ಲ. ಒಣಗಿದ ಕೆರೆ ಅಂಗಳ, ಹೊಲದ ಬದು ಸಿಕ್ಕರೆ ಅಲ್ಲಿದ್ದವರನ್ನು ಒಂದು ಮಾತು ಕೇಳಿ. ರಾಗಿ ಬಿತ್ತಿದ ಮೇಲೆ ಮಾತ್ರ ಕೇಳುವುದೂ ಬೇಡ.

ಥಾರ್‌ಗೆ ಹೋಗುವಾಗ 2,000 ಕಿ.ಮೀ. ಓಡಿಸಬೇಕಿಲ್ಲ. ಯಶವಂತಪುರದಿಂದ ಬಿಕಾನೇರಿಗೆ, ಬಾರ್ಮೇರಿಗೆ ರೈಲಿದೆ. ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಕೊಟ್ಟು, ಪೆಟ್ರೋಲ್ ಪೂರ್ತಿ ಖಾಲಿ ಮಾಡಿ ಗಾಡಿಯನ್ನು ಪಾರ್ಸೆಲ್ ಮಾಡಬಹುದು. ಟೈರು ಮಾತ್ರ ಇಲ್ಲೇ ಬದಲಿಸಿಕೊಂಡು ಹೋಗಿ.

ಕೊನೆಗೆ ಬೂಟು. ಗಾಡಿಗೆ ಇಟ್ಟ ದುಡ್ಡಿನಲ್ಲಿ ಹೆಲ್ಮೆಟ್, ನೀ ಗಾರ್ಡ್, ಆಫ್-ರೋಡ್ ಬೂಟಿಗೆ ಮೊದಲೇ ತೆಗೆದಿಡಿ, ಉಳಿದದ್ದರಲ್ಲಿ ಗಾಡಿ ನೋಡಿ. ಬೂಟನ್ನು ಗಾಡಿಗಿಂತ ಮುಂಚೆ ಕೊಳ್ಳಿ. ಅದನ್ನು ಹಾಕಿಕೊಂಡೇ ಶೋರೂಮಿಗೆ ಹೋಗಿ. ದಪ್ಪ ಅಟ್ಟೆಯಿಂದ ಎರಡು ಸೆಂ.ಮೀ. ಎತ್ತರ ಸಿಗುತ್ತದೆ, ಕಷ್ಟ ಅನಿಸಿದ್ದ ಸೀಟು ಎಟುಕಬಹುದು. ಆ ಬೂಟಿನ ಮೂತಿ ಗೇರ್ ಲಿವರಿನ ಕೆಳಗೆ ತೂರುತ್ತದಾ, ಫುಟ್‌ಪೆಗ್ ಮೇಲೆ ಎದ್ದು ನಿಂತಾಗ ಹ್ಯಾಂಡಲ್ ಕೈಗೆ ಬರುತ್ತದಾ, ಎರಡೂ ಅಲ್ಲೇ ಗೊತ್ತಾಗುತ್ತದೆ. ಸೇಲ್ಸ್ ಹುಡುಗರು ನಗುತ್ತಾರೆ. ನನ್ನನ್ನು ನೋಡಿಯೂ ನಕ್ಕರು. ಆಮೇಲೆ ಅವರಲ್ಲೇ ಒಬ್ಬ ಗಾಡಿಯ ಬಾಲ ಹಿಡಿದುಕೊಂಡು, ‘ನಿಂತ್ಕೊಳ್ಳಿ ಸರ್, ನಾನು ಹಿಡ್ಕೊಂಡಿದ್ದೀನಿ’ ಅಂದ.