ಬಾಬಿಲೋನಿನ ಪಾಲು: ಹಂಚುವ ಮೊದಲು ಕಳೆಯುವ ಲೆಕ್ಕ

ಬಾಬಿಲೋನಿನ ದೊರೆ ಹಮ್ಮುರಾಬಿಯ ಕಾಲದಲ್ಲಿ (ಕ್ರಿ.ಪೂ. 1792–1750) ಅಪ್ಪ ತೀರಿಕೊಂಡರೆ ಮನೆಯಲ್ಲಿದ್ದುದನ್ನೆಲ್ಲ ರಾಶಿ ಹಾಕಿ ತಲೆಗಿಷ್ಟು ಎಂದು ಹಂಚುವಂತಿರಲಿಲ್ಲ. ಅದರಲ್ಲಿ ಯಾವುದು ಅಪ್ಪನ ಸ್ವತ್ತಲ್ಲ ಎಂದು ಮೊದಲು ತೀರ್ಮಾನವಾಗಬೇಕಿತ್ತು.

ಒಂದು ಲೆಕ್ಕ ಹಾಕಿ ನೋಡೋಣ. ಮನೆಯಲ್ಲಿದ್ದ ಸ್ವತ್ತಿನ ಒಟ್ಟು ಬೆಲೆ 150 ಶೆಕೆಲ್ ಬೆಳ್ಳಿ (ಒಂದು ಶೆಕೆಲ್ ಸುಮಾರು 8 ಗ್ರಾಂ). ತೀರಿಹೋದ ಮೊದಲ ಹೆಂಡತಿಗೆ ಇಬ್ಬರು ಗಂಡುಮಕ್ಕಳು, ಬದುಕಿರುವ ಎರಡನೆಯವಳಿಗೆ ಒಬ್ಬ. ಮೊದಲನೆಯವಳು ತವರಿನಿಂದ ತಂದ ಬಳುವಳಿ 20 ಶೆಕೆಲ್. ಅದು ಅವಳ ಇಬ್ಬರು ಮಕ್ಕಳಿಗೇ ಸೇರಬೇಕು. ಎರಡನೆಯವಳ ಬಳುವಳಿ 30 ಅವಳ ಕೈಯಲ್ಲೇ ಉಳಿಯುತ್ತದೆ. ಅಪ್ಪ ಹಿರಿಯನಿಗೆ ಮುದ್ರೆಯೊತ್ತಿದ ಪತ್ರ ಬರೆದು ಕೊಟ್ಟ ತೋಟ 10. ಕಿರಿಯನಿಗೆ ಇನ್ನೂ ಮದುವೆಯಾಗಿಲ್ಲ, ಹೆಣ್ಣಿನ ಮನೆಗೆ ಕೊಡಬೇಕಾದ ತೆರಕ್ಕೆ 10. (ಬಾಬಿಲೋನಿನವರ ಅಕ್ಕಾಡಿಯನ್ ಭಾಷೆಯಲ್ಲಿ ಇದನ್ನು ‘ತೆರ್ಹತುಮ್’ ಎನ್ನುತ್ತಿದ್ದರು, ನಮ್ಮ ‘ತೆರ’ದೊಂದಿಗಿನ ಹೋಲಿಕೆ ಕೇವಲ ಆಕಸ್ಮಿಕ.) ಉಳಿದದ್ದು 80. ಗಂಡ ವಿಧವೆಗೆಂದು ಬೇರೆ ಏನನ್ನೂ ಬರೆದಿಟ್ಟಿಲ್ಲದಿದ್ದರೆ ಅವಳಿಗೂ ಒಬ್ಬ ಮಗನಷ್ಟು ಪಾಲು. ಹಾಗಾಗಿ ನಾಲ್ಕು ಪಾಲು, ತಲಾ 20.

ಜಗಳ ಹುಟ್ಟುತ್ತಿದ್ದದ್ದು ಹೆಚ್ಚಾಗಿ ಆ ತೋಟದಂಥ ಸ್ವತ್ತಿನಲ್ಲಿ. ಪತ್ರವಿಲ್ಲದಿದ್ದರೆ ಅದೂ ಸಮಪಾಲಿಗೆ ಬೀಳುತ್ತಿತ್ತು. ಅದಕ್ಕಾಗಿಯೇ ಮಣ್ಣಿನ ಹಲಗೆಗೆ ಮಣ್ಣಿನದೇ ಲಕೋಟೆ ಹೊದಿಸಿ, ಮೇಲೆ ಮತ್ತೆ ಅದೇ ಒಕ್ಕಣೆ ಬರೆದು, ಸಾಕ್ಷಿಗಳ ಮುದ್ರೆ ಒತ್ತಿಸುತ್ತಿದ್ದರು. ಹೊರಗಿನ ಬರಹವನ್ನು ತಿದ್ದಿದ ಅನುಮಾನ ಬಂದರೆ ಲಕೋಟೆ ಒಡೆದು ಒಳಗಿನದನ್ನು ಓದಬಹುದಿತ್ತು. ಪಾಲು ಮುಗಿದ ಮೇಲೆ ಬರೆಯುವ ಪತ್ರದಲ್ಲಿ ‘ಹೊಟ್ಟಿನಿಂದ ಹೊನ್ನಿನವರೆಗೆ’ ಎಲ್ಲವೂ ಹಂಚಿಕೆಯಾಗಿದೆ ಎಂಬ ಮಾತು ಸೇರುತ್ತಿತ್ತು.

ಹಿರಿಯನ ಹೆಚ್ಚುವರಿ ಪಾಲಿನ ವಿಷಯದಲ್ಲಿ ಊರಿಗೊಂದು ರೂಢಿ. ಲಾರ್ಸಾದಲ್ಲಿ ಅವನಿಗೆ ಎರಡು ಪಾಲು, ಸಿಪ್ಪಾರಿನಲ್ಲಿ ಎಲ್ಲರಿಗೂ ಸಮ.

ಸಿಟ್ಟಿನಲ್ಲಿ ‘ನೀನು ನನ್ನ ಮಗನೇ ಅಲ್ಲ’ ಎಂದಷ್ಟಕ್ಕೆ ಮಗನ ಹಕ್ಕು ಹೋಗುತ್ತಿರಲಿಲ್ಲ. ಅಪ್ಪ ನ್ಯಾಯಾಧೀಶರ ಮುಂದೆ ಹೋಗಬೇಕು, ಅವರು ವಿಚಾರಿಸಬೇಕು. ಘೋರ ತಪ್ಪೇ ಆಗಿದ್ದರೂ ಮೊದಲ ಸಲ ಕ್ಷಮೆ. ಎರಡನೆಯ ಸಲ ಮಾತ್ರ ಪಾಲು ತಪ್ಪಿಸಬಹುದು. ತಾಯಿಯನ್ನು ಮನೆಯಿಂದ ಹೊರಡಿಸಲು ಪೀಡಿಸಿದ ಮಕ್ಕಳಿಗೆ ದಂಡನೆಯಿತ್ತು. ಈ ಎರಡು ಕಲಮುಗಳು ಹಮ್ಮುರಾಬಿಯ ಇಡೀ ಕಾನೂನು ಶಾಸನದಲ್ಲೇ ಅತ್ಯಂತ ಮಾನವೀಯವಾದವು.

ಪಾಲಿನ ಜೊತೆಗೆ ಹೊಣೆಯೂ ಬರುತ್ತಿತ್ತು. ಸತ್ತ ಹಿರಿಯರ ಹೆಸರು ಹೇಳಿ ಆಹಾರದ ಎಡೆಯಿಟ್ಟು ನೀರು ಬಿಡುವ ‘ಕಿಸ್ಪು’ ಆಚರಣೆ ವಾರಸುದಾರನ ಕರ್ತವ್ಯ. ಸಿಪ್ಪಾರಿನಲ್ಲಿ ಶಮಾಶ್ ದೇವರಿಗೆ ಮುಡಿಪಾಗಿದ್ದ ನದೀತು ಸ್ತ್ರೀಯರು ಮಕ್ಕಳನ್ನು ಹೆರುವಂತಿರಲಿಲ್ಲ. ಹಾಗಾಗಿ ಅವರು ವಾರಸುದಾರರನ್ನು ದತ್ತು ಪಡೆದು, ಬದುಕಿರುವಷ್ಟು ದಿನ ತಮಗೆ ಬಾರ್ಲಿ, ಎಣ್ಣೆ, ಉಣ್ಣೆ ಕೊಡಬೇಕೆಂದು ಪತ್ರದಲ್ಲೇ ಬರೆಸುತ್ತಿದ್ದರು. ಕೊಡುವುದನ್ನು ನಿಲ್ಲಿಸಿದರೆ ಆಸ್ತಿಯೂ ಕೈತಪ್ಪುತ್ತಿತ್ತು.