ಹಳೆ ಬೋರ್ಡಿಗೆ ಹೊಸ ಸಾಫ್ಟ್‌ವೇರ್ ಯಾಕೆ ಹತ್ತುವುದಿಲ್ಲ?

ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಇಟ್ಟುಕೊಂಡಿರುವ ಗೆಳೆಯನೊಬ್ಬ ಶ್ರಾವಣದ ಜಡಿಮಳೆಯಲ್ಲಿ ಫೋನ್ ಮಾಡಿದ. "ದೋಸ್ತ, ಇದಕ್ಕ ಹೊಸಾ ಸಾಫ್ಟ್‌ವೇರ್ ಹತ್ತವಲ್ದು, ಬೋರ್ಡ್ ಕೆಟ್ಟೈತೇನು?" ಮೋಟರ್ ಕೂರಿಸುವ ಅಲ್ಯೂಮಿನಿಯಂ ತುಂಡುಗಳನ್ನು ತಾನೇ ಕೊರೆದು ನಾಲ್ಕು ರೆಕ್ಕೆಯ ಡ್ರೋನ್ ಕಟ್ಟಿದ್ದಾನೆ. ಡ್ರೋನನ್ನು ನಡೆಸುವ ಮೆದುಳಿನಂಥ ಬೋರ್ಡ್ ಮಾತ್ರ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕ ಎಪಿಎಂ 2.8, ಅಂದರೆ ಆರ್ಡುಪೈಲಟ್ ಮೆಗಾ. ಅದು ಕೆಟ್ಟಿರಲಿಲ್ಲ, ಅದಕ್ಕೆ ವಯಸ್ಸಾಗಿತ್ತು. ಅದನ್ನು ಅವನಿಗೆ ಹೇಳಲು ಹೋಗಿ 2007ರ ತನಕ ಹಿಂದೆ ಹೋಗಬೇಕಾಯಿತು.

ಆ ವರ್ಷ ಅಮೆರಿಕದ ಪತ್ರಕರ್ತ ಕ್ರಿಸ್ ಆಂಡರ್ಸನ್ ಮಕ್ಕಳ ಜೊತೆ ಲೆಗೊ ಆಟಿಕೆಯಿಂದ ಒಂದು ಆಟೋಪೈಲಟ್, ಅಂದರೆ ವಿಮಾನವನ್ನು ತಾನಾಗಿಯೇ ಹಾರಿಸುವ ಸಾಧನ, ಮಾಡಿದರು. ಆಮೇಲೆ ತಮ್ಮಂಥ ಹವ್ಯಾಸಿಗಳನ್ನು ಒಂದು ಕಡೆ ಸೇರಿಸಿದರು. ಆ ಗುಂಪಿಗೆ ಬಂದವನು ಮೆಕ್ಸಿಕೊದ ಹುಡುಗ ಜೋರ್ಡಿ ಮುನ್ಯೋಸ್. ಅವನು ಅಮೆರಿಕದಲ್ಲಿ ಗ್ರೀನ್ ಕಾರ್ಡಿಗೆ ಕಾಯುತ್ತ, ನಿಂಟೆಂಡೊ ವೀ ಎಂಬ ವಿಡಿಯೊ ಗೇಮಿನ ರಿಮೋಟ್ ಬಿಚ್ಚಿ ಅದರ ಸೆನ್ಸರನ್ನು ಆಟಿಕೆ ಹೆಲಿಕಾಪ್ಟರಿಗೆ ಹಾಕಿ ಹಾರಿಸಿದ್ದ! ಆಂಡರ್ಸನ್ ಮುಖ ನೋಡದೆಯೇ ಅವನಿಗೆ 500 ಡಾಲರ್ ಕಳಿಸಿದರು. 2009ರಲ್ಲಿ ಇಬ್ಬರೂ ಸೇರಿ 3ಡಿ ರೊಬೊಟಿಕ್ಸ್ ಕಂಪನಿ ತೆರೆದರು. ಅವರ ಆಟೋಪೈಲಟ್ ಬೋರ್ಡ್ ಆರ್ಡುಪೈಲಟ್ ಹೊರಬಂದದ್ದೂ ಅದೇ ವರ್ಷ.

ಮೊದಲ ಆರ್ಡುಪೈಲಟ್ ವಿಮಾನ ಓರೆಯಾಗಿದೆಯೋ ನೆಟ್ಟಗಿದೆಯೋ ಅಂತ ತಿಳಿದುಕೊಳ್ಳುತ್ತಿದ್ದ ರೀತಿ ನನಗೆ ಭಾರೀ ಇಷ್ಟ. ಆಕಾಶ ತಣ್ಣಗೆ, ನೆಲ ಬೆಚ್ಚಗೆ, ಅಲ್ವಾ? ಶಾಖ ಗುರುತಿಸುವ ಸೆನ್ಸರುಗಳನ್ನು ನಾಲ್ಕೂ ಕಡೆ ಮುಖ ಮಾಡಿ ಇಟ್ಟರೆ, ಯಾವ ಕಡೆ ಜಾಸ್ತಿ ಬೆಚ್ಚಗೆ ಕಾಣುತ್ತದೋ ಆ ಕಡೆ ವಿಮಾನ ವಾಲಿದೆ ಅಂತ ಲೆಕ್ಕ. ಆಮೇಲೆ ಮೊಬೈಲ್ ಫೋನುಗಳಿಂದಾಗಿ ತಿರುವು, ವಾಲುವಿಕೆ ಅಳೆಯುವ ಜೈರೊ, ಆಕ್ಸಲರೋಮೀಟರ್ ಚಿಪ್ಪುಗಳು ತೀರಾ ಅಗ್ಗವಾದವು, ಈ ಜಾಣತನ ಬೇಕಾಗಲಿಲ್ಲ.

ಎಪಿಎಂ ಬೋರ್ಡುಗಳು ಆ ಹೊತ್ತಿನವು. ಒಳಗೆ ಎಟಿಮೆಗಾ 2560 ಚಿಪ್: 8 ಬಿಟ್, 16 ಮೆಗಾಹರ್ಟ್ಸ್, 256 ಕಿಲೋಬೈಟ್ ಜಾಗ. ಕೋಡ್ ಎಲ್ಲರಿಗೂ ತೆರೆದಿತ್ತು, ಹಾಗಾಗಿ ಜಗತ್ತಿನ ಮೂಲೆಮೂಲೆಯಿಂದ ಜನ ಅದಕ್ಕೆ ಸೇರಿಸುತ್ತಲೇ ಹೋದರು. ತುಂಬಿದ ಚೀಲಕ್ಕೆ ಮತ್ತೆ ಜೋಳ ಸುರಿದರೆ ಏನಾಗುತ್ತದೆ? ನಾಲ್ಕು ರೆಕ್ಕೆಯ ಡ್ರೋನುಗಳ ಮಟ್ಟಿಗೆ ಆ ಚಿಪ್ಪಿನಲ್ಲಿ ಹಿಡಿಸಿದ ಕೊನೆಯ ಆವೃತ್ತಿ 3.2.1. ಅಷ್ಟರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ಲೊರೆಂಜ್ ಮಯರ್ ಮತ್ತು ಜೊತೆಯ ವಿದ್ಯಾರ್ಥಿಗಳು ಶುರು ಮಾಡಿದ್ದ ಕೆಲಸದಿಂದ ಪಿಕ್ಸ್‌ಹಾಕ್ ಬೋರ್ಡ್ ಬಂತು. 32 ಬಿಟ್, 168 ಮೆಗಾಹರ್ಟ್ಸ್, 2 ಮೆಗಾಬೈಟ್. ಆರ್ಡುಪೈಲಟ್ ತಂಡವೂ ಅತ್ತ ಹೋಯಿತು.

2.8 ಅನ್ನುವುದು ಮೂಲ ತಯಾರಕರ ಬೋರ್ಡೂ ಅಲ್ಲ, ಸರಣಿ ನಿಂತ ಮೇಲೆ ಬಂದ ಚೀನಾ ನಕಲು. ವಿನ್ಯಾಸವೂ ಎಲ್ಲರಿಗೂ ತೆರೆದದ್ದು, ಹಾಗಾಗಿ ಯಾರೂ ತಕರಾರು ಮಾಡುವಂತಿಲ್ಲ. ಕೊಳ್ಳುವವನಿಗೆ ಮಾತ್ರ ಮೂಲ ತಯಾರಕರ 2.6ಕ್ಕಿಂತ 2.8 ಹೊಸದು ಅನ್ನಿಸುತ್ತದೆ.

ಹಳೆಯ ಸಾಫ್ಟ್‌ವೇರಿನಲ್ಲೇ ಹಾರಿಸೋಣ ಅಂತ ಒಂದು ಭಾನುವಾರ ಮಳೆ ಬಿಡುವು ಕೊಟ್ಟಾಗ ಊರಾಚೆ ಅವನ ಮಾವನ ಹೊಲಕ್ಕೆ ಹೋದೆವು. ಮೇಲೇನೋ ಎದ್ದಿತು. ನಿಂತಲ್ಲೇ ನಿಲ್ಲು ಅಂತ ಜಿಪಿಎಸ್ ಮೋಡ್‌ಗೆ ಹಾಕಿದರೆ ಗಾಣದ ಎತ್ತಿನ ಹಾಗೆ ಸುತ್ತತೊಡಗಿತು. ಒಂದೊಂದು ಸುತ್ತಿಗೂ ಸುತ್ತಳತೆ ಹೆಚ್ಚುತ್ತಿತ್ತು. ಕೊನೆಗೆ ಬದುವಿನ ಜಾಲಿಗೆ ಬಡಿದು ಎರಡು ಪ್ರೊಪೆಲ್ಲರ್ ಹೋದವು. ತಪ್ಪು ಕಂಪಾಸಿನದು. ಬೋರ್ಡಿನ ಮೇಲೇ ಇರುವ ಕಂಪಾಸಿನ ಪಕ್ಕದಲ್ಲೇ ಬ್ಯಾಟರಿಯ ದಪ್ಪ ವೈರು ಹೋಗಿತ್ತು, ಅದರ ಕರೆಂಟಿನ ಕಾಂತಕ್ಕೆ ಉತ್ತರ ಯಾವುದು ಅನ್ನುವುದೇ ತಪ್ಪುತ್ತಿತ್ತು. ಮೂಲ ತಯಾರಕರು ಇದನ್ನು ಎಂದೋ ಕಂಡುಕೊಂಡು, 2.6ರಲ್ಲಿ ಕಂಪಾಸನ್ನು ಬೋರ್ಡಿನಿಂದ ತೆಗೆದು ಜಿಪಿಎಸ್ ಜೊತೆ ಹೊರಗೆ ಇಡುವ ಹಾಗೆ ಮಾಡಿದ್ದರು. ನಕಲಿನಲ್ಲಿ ಅದು ವಾಪಸ್ ಬಂದಿದೆ. ಎರಡು ಪಿನ್ನುಗಳನ್ನು ಕೂಡಿಸುವ ಜಂಪರ್ ಎಂಬ ಸಣ್ಣ ತುಂಡು ಕಿತ್ತರೆ ಒಳಗಿನ ಕಂಪಾಸ್ ಬಂದ್ ಆಗುತ್ತದೆ, ಹೊರಗಿನದು ಹಾಕಿಕೊಳ್ಳಬಹುದು. ನಮಗೆ ಅದು ಗೊತ್ತಾದದ್ದು ಜಾಲಿಮುಳ್ಳು ಚುಚ್ಚಿಸಿಕೊಂಡ ಮೇಲೆ.

ಇನ್ನು ಕಾನೂನಿನ ಕಥೆ. 2014ರ ಅಕ್ಟೋಬರಿನಲ್ಲಿ ನಾಗರಿಕ ವಿಮಾನಯಾನದ ಮೇಲೆ ನಿಗಾ ಇಡುವ ಡಿಜಿಸಿಎ ಒಂದು ಪ್ರಕಟಣೆ ಹೊರಡಿಸಿ, ನಿಯಮ ಬರುವ ತನಕ ಯಾರೂ ಡ್ರೋನ್ ಹಾರಿಸುವಂತಿಲ್ಲ ಅಂದಿತು. ನಿಯಮ ಜಾರಿಗೆ ಬಂದದ್ದು 2018ರ ಡಿಸೆಂಬರಿನಲ್ಲಿ, ಅನುಮತಿ ಇಲ್ಲದೆ ಮೋಟರೇ ತಿರುಗಬಾರದು ಎಂಬ ಷರತ್ತಿನ ಜೊತೆ. ಕೋಡನ್ನು ಯಾರು ಬೇಕಾದರೂ ತಿದ್ದಬಹುದಾದ ಡ್ರೋನಿಗೆ ಅಂಥ ಬೀಗ ಹಾಕುವುದು, ಬೀಗ ಹಾಕಿ ಕೀಲಿಕೈ ಅಲ್ಲೇ ಬಿಟ್ಟ ಹಾಗೆ. 2021ರ ಆಗಸ್ಟಿನ ಡ್ರೋನ್ ನಿಯಮಗಳು ಹವ್ಯಾಸಿಗಳಿಗೆ ಉಸಿರಾಡಲು ಬಿಟ್ಟವು. 250 ಗ್ರಾಂ ತನಕದ್ದು ನ್ಯಾನೊ, 2 ಕಿಲೋ ತನಕದ್ದು ಮೈಕ್ರೊ. ವ್ಯಾಪಾರಕ್ಕಲ್ಲದೆ ಸುಮ್ನೆ ಹಾರಿಸುವ ಮೈಕ್ರೊಗೆ ಪೈಲಟ್ ಪರವಾನಗಿ ಬೇಡ. 2022ರ ಫೆಬ್ರವರಿಯಲ್ಲಿ ಸಿದ್ಧ ಡ್ರೋನುಗಳ ಆಮದು ನಿಂತಿತು, ಬಿಡಿಭಾಗಗಳಿಗೆ ತಡೆ ಇಲ್ಲ. ಅಂದರೆ ಕಟ್ಟಿಕೊಳ್ಳುವವರಿಗೆ ದಾರಿ ತೆರೆದೇ ಇದೆ.

ಬೆಳಗಾವಿಯವರಿಗೆ ಇನ್ನೊಂದು ತೊಡಕು. ಪೂರ್ವಕ್ಕೆ ಸಾಂಬ್ರಾ ವಿಮಾನ ನಿಲ್ದಾಣ, ಅಲ್ಲೇ ವಾಯುಪಡೆಯ ತರಬೇತಿ ಕೇಂದ್ರ, ಊರೊಳಗೆ ಮರಾಠಾ ಲಘು ಪದಾತಿದಳದ ಕೇಂದ್ರ. ನಿಲ್ದಾಣದ ಸುತ್ತ 8 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಏರಿಸುವಂತಿಲ್ಲ, 8ರಿಂದ 12ರ ನಡುವೆ 200 ಅಡಿ ದಾಟುವಂತಿಲ್ಲ. ಟೆರೇಸ್ ಮೇಲಿಂದ ಹಾರಿಸುವ ಮುಂಚೆ ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಅಂತ ಬಣ್ಣದಲ್ಲಿ ತೋರಿಸುವ ಸರಕಾರದ ಮ್ಯಾಪಿನಲ್ಲಿ ಜಾಗ ಯಾವ ಬಣ್ಣದಲ್ಲಿದೆ ಅಂತ ನೋಡಲೇಬೇಕು.

ಗೆಳೆಯ ಈಗ 32 ಬಿಟ್ಟಿನ ಬೋರ್ಡ್ ತರಿಸಿದ್ದಾನೆ. ಹಳೆಯದನ್ನು ಬಿಚ್ಚುವಾಗ ಅದರ ಗಾಳಿಒತ್ತಡದ ಸೆನ್ಸರಿನ ಮೇಲೆ ಅಂಟಿಸಿದ್ದ ಕರಿ ಸ್ಪಂಜನ್ನು ಪ್ಯಾಕಿಂಗಿನ ಚೂರು ಅಂತ ಕಿತ್ತು ಬಿಸಾಕಲು ಹೊರಟಿದ್ದ, ನಾನು ಕೈ ಹಿಡಿದೆ. ಅದು ಇಲ್ಲದಿದ್ದರೆ ರೆಕ್ಕೆಯ ಗಾಳಿಗೂ ಬಿಸಿಲಿಗೂ ಎತ್ತರದ ಲೆಕ್ಕ ಏರುಪೇರಾಗುತ್ತದೆ. ಅದನ್ನೇ ಹೊಸ ಬೋರ್ಡಿಗೆ ಹಚ್ಚಿದ್ದೇವೆ. ಕಂಪಾಸಿಗೆ ಈ ಸಲ ತನ್ನ ಲೇತಿನಲ್ಲೇ ಐದು ಇಂಚಿನ ಕಂಬ ತಿರುವಿ ಕೊಟ್ಟಿದ್ದಾನೆ, ಅಲ್ಯೂಮಿನಿಯಮ್ಮಿನದು.